ಗುಡಿಯ ತಿರುವಿನಲ್ಲಿ ಎರಡು ಕೈ

ನನಗೆ ಮುಂದಿನ ಸೀಟೇ ಆಗಬೇಕು. ಬಸ್ಸಾಗಲಿ, ಆಟೊ ಆಗಲಿ, ರಸ್ತೆ ಕಾಣದ ಕಡೆ ಕೂರಿಸಿದರೆ ಉಸಿರು ಕಟ್ಟಿದಂತಾಗುತ್ತದೆ. ಕೊಳ್ಳೇಗಾಲದ ನಿಲ್ದಾಣಕ್ಕೆ ಹನೂರಿನ ಬಸ್ಸು ಹೊರಳಿಕೊಳ್ಳುತ್ತಿದ್ದಂತೆಯೇ ಕಿಟಕಿಯೊಳಗೆ ಟವೆಲ್ ತೂರಿ, ಡ್ರೈವರನ ಹಿಂದಿನ ಜಾಗ ಹಿಡಿಯುವವನು ನಾನು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ನನ್ನ ಟವೆಲ್ಲಿಗೆ ಬೆಲೆಯೇ ಹೋಗಿದೆ. ಯಾರೋ ಒಬ್ಬಾಕೆ ಅದನ್ನೆತ್ತಿ ಪಕ್ಕಕ್ಕಿಟ್ಟು ಕೂತುಬಿಡುತ್ತಾಳೆ. ನನ್ನ ಹೆಂಡತಿಯಂತೂ ಆಧಾರ್ ಕಾರ್ಡು ತೋರಿಸಿ ಮಹಾರಾಣಿಯ ಹಾಗೆ ಕಿಟಕಿ ಪಕ್ಕ ಕೂತು, ಚಿಲ್ಲರೆಗೆ ಜೇಬು ತಡಕುವ ನನ್ನನ್ನು ನೋಡಿ ನಗುತ್ತಾಳೆ.

ಕೂತರೂ ನಿಂತರೂ ನನ್ನ ಬಲಗಾಲು ಸುಮ್ಮನಿರುವುದಿಲ್ಲ. ಎದುರಿಗೆ ಎಮ್ಮೆ ಬಂದರೆ ಬ್ರೇಕು ಒತ್ತುತ್ತದೆ. ಅಲ್ಲಿ ಬ್ರೇಕೆಲ್ಲಿದೆ? ಯಾರದೋ ರಾಗಿ ಚೀಲ ಇರುತ್ತದೆ. "ಯಾಕ್ ಸಾ ಮೂಟೆ ತುಳೀತಿದ್ದೀರಾ?" ಎಂದು ಚೀಲದವರು ಕೇಳಿದರೆ ಏನು ಹೇಳಲಿ? ಡ್ರೈವರು ಗೇರು ತಪ್ಪಿ ಹಾಕಿದರೆ ಹಲ್ಲು ಕಡಿಯುತ್ತೇನೆ. ತಿರುವಿನಲ್ಲಿ ಹಾರನ್ ಮಾಡದಿದ್ದರೆ ಬಾಯಿಂದ ಬೈಗುಳವೇ ಹೊರಡುತ್ತದೆ. "ಇಳ್ದು ನೀವೇ ಓಡ್ಸಿ ಸಾ" ಎಂದು ಒಬ್ಬ ಡ್ರೈವರು ಒಮ್ಮೆ ತಿರುಗಿ ಹೇಳಿದ. ಅವನು ಸಿಟ್ಟಿನಲ್ಲಿ ಹೇಳಿದ್ದು, ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು. ಹೆಂಡತಿ ನನ್ನ ಅಂಗಿಯ ತುದಿ ಹಿಡಿದೆಳೆದು ಕೂರಿಸಿದಳು.

ಯಾಕೆಂದರೆ ನಾನು ಡ್ರೈವರು. ಆಗಿದ್ದೆ ಅನ್ನಬೇಕು, ನಾಲಿಗೆ ಇನ್ನೂ ಒಪ್ಪುವುದಿಲ್ಲ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಹೂಗ್ಯಂವರೆಗೆ ನನ್ನ ಜೀಪು ಓಡುತ್ತಿತ್ತು. ಕಾಡಿನಂಚಿನ ಪೋಡುಗಳ, ಅಂದರೆ ಪುಟ್ಟ ಹಾಡಿಗಳ ಜನ ನೆಲ್ಲಿಕಾಯಿ ಮೂಟೆ, ಜೇನಿನ ಡಬ್ಬ ಹೊತ್ತು ಹತ್ತುತ್ತಿದ್ದರು. ಹೂಗ್ಯಂ ಕಡೆಯವರು ಅರ್ಧ ತಮಿಳು ಅರ್ಧ ಕನ್ನಡದಲ್ಲಿ "ಅಣ್ಣಾ, ಕೊಂಚ ನಿಲ್ಸು" ಅನ್ನುತ್ತಿದ್ದರು. ಆನೆ ದಾಟುವ ಜಾಗಗಳಲ್ಲಿ ಎಂಜಿನ್ನಿನ ಸದ್ದು ತಗ್ಗಿಸಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದೆ. ಜೀಪಿನೊಳಗೆ ನಾನು ಹೇಳಿದ್ದೇ ಕಾನೂನು. ಮನೆಯಲ್ಲಿ ನನ್ನ ಮಾತು ನಡೆಯದಿದ್ದರೂ ಅಲ್ಲಿ ನಡೆಯುತ್ತಿತ್ತು.

ನಾನು ಬಿದ್ದದ್ದು ಹನೂರಿನ ಒಂದು ಟೀ ಅಂಗಡಿಯಲ್ಲಿ. ಜನರನ್ನೆಲ್ಲ ಇಳಿಸಿ, ಜೀಪನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಗ್ಲಾಸು ಕೈಗೆ ತೆಗೆದುಕೊಂಡದ್ದು ನೆನಪಿದೆ. ಆಮೇಲೆ ನೆನಪಿರುವುದು ಮಣ್ಣಿನ ವಾಸನೆ, ಮುಖದ ಮೇಲೆ ನೀರು, ಸುತ್ತ ಬರೀ ಕಾಲುಗಳು. ಮುಷ್ಟಿಯೊಳಗೆ ಏನೋ ಚುಚ್ಚುತ್ತಿತ್ತು. ನಮ್ಮ ಕಡೆ ಮೂರ್ಛೆ ಬಿದ್ದವರ ಕೈಗೆ ಕಬ್ಬಿಣ ಕೊಡುತ್ತಾರೆ. ಅಲ್ಲಿದ್ದವರು ಕಬ್ಬಿಣಕ್ಕೆಂದು ಎಲ್ಲೂ ಹುಡುಕಲಿಲ್ಲ. ನನ್ನ ಜೇಬಿನಿಂದಲೇ ಜೀಪಿನ ಕೀ ತೆಗೆದು ಅಂಗೈಯಲ್ಲಿಟ್ಟು, ಬೆರಳು ಮಡಚಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಅದರ ಹಲ್ಲಿನ ಗುರುತು ಬಹಳ ದಿನ ಅಂಗೈಯಲ್ಲಿತ್ತು.

ಕಬ್ಬಿಣದಿಂದ ಇದು ನಿಲ್ಲುವುದಿಲ್ಲ ಎಂದು ಮೈಸೂರಿನ ಡಾಕ್ಟರು ಗದರಿದರು. ಮಾತ್ರೆ ಬರೆದುಕೊಟ್ಟರು. ಆಮೇಲೆ, "ನೀವು ಇನ್ನು ಗಾಡಿ ಓಡಿಸುವ ಹಾಗಿಲ್ಲ" ಅಂದರು.

"ಎಷ್ಟು ದಿನ ಸಾರ್?"

ಅವರು ನನ್ನ ಮುಖ ನೋಡಿದರು. "ಓಡಿಸುವ ಹಾಗಿಲ್ಲ ಅಂದೆ," ಅಂದರು. ಈ ಕಾಯಿಲೆ ಇರುವವನಿಗೆ ಕಾನೂನಿನಲ್ಲೂ ಲೈಸೆನ್ಸಿಲ್ಲವಂತೆ. ಹೊರಗೆ ಬಂದು ಹೆಂಡತಿ ಸುಮ್ಮನೆ ಕೈ ಚಾಚಿದಳು. ನಾನು ಕೀಯನ್ನು ಅವಳ ಕೈಗೆ ಹಾಕಿದೆ. ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಮಾತ್ರೆಯಿಂದ ದೊಡ್ಡ ಮೂರ್ಛೆ ನಿಂತಿತು. ಸಣ್ಣದು ನಿಲ್ಲಲಿಲ್ಲ. ಮಾತಿನ ನಡುವೆ ಒಂದು ತುಂಡು ಕಾಣೆಯಾಗಿಬಿಡುತ್ತದೆ. ತಟ್ಟೆಯಲ್ಲಿ ಮುದ್ದೆ ಮುರಿಯುತ್ತಿರುತ್ತೇನೆ, ನೋಡಿದರೆ ಸಾರು ತಣ್ಣಗಾಗಿರುತ್ತದೆ. ಬೀಳುವುದಿಲ್ಲ, ನೊರೆ ಬರುವುದಿಲ್ಲ, ಕಣ್ಣು ತೆರೆದೇ ಇರುತ್ತದಂತೆ. ನಾನು ಮಾತ್ರ ಅಲ್ಲಿರುವುದಿಲ್ಲ. ಅದು ಬಂದು ಹೋದದ್ದು ನನಗೆ ತಿಳಿಯುವುದು ಹೆಂಡತಿಯ ಮುಖ ನೋಡಿದಾಗಲೇ. ಅವಳು ಹೊಲಿಗೆ ಮಿಷನ್ ಮುಂದೆ ಕೂತು ರವಿಕೆ ಹೊಲಿಯುತ್ತಿದ್ದರೂ ಒಂದು ಕಣ್ಣು ನನ್ನ ಮೇಲೆ ಇಟ್ಟಿರುತ್ತಾಳೆ.

ಜೀಪು ಮಾರಲಿಲ್ಲ. ಧನಗೆರೆ ಕಡೆ ಹೋಗುವ ರಸ್ತೆಯಲ್ಲಿರುವ ನಮ್ಮ ಮನೆಯ ಪಕ್ಕ ಒಂದು ತಗಡಿನ ಶೆಡ್ಡಿದೆ. ಅಲ್ಲಿ ಬೆಳಗ್ಗೆ ಬೆಳಗ್ಗೆ ಎಂಜಿನ್ ಚಾಲೂ ಮಾಡುತ್ತಿದ್ದೆ. ಬ್ಯಾಟರಿ ಸತ್ತುಹೋಗಬಾರದಲ್ಲ! ಅದಕ್ಕೆ ಹೆಂಡತಿ ಸೆರಗಿನ ಗಂಟು ಬಿಚ್ಚಿ ಕೀ ಕೊಡುತ್ತಿದ್ದಳು. ಬಾಗಿಲಲ್ಲಿ ನಿಂತಿರುತ್ತಿದ್ದಳು, ಮತ್ತೆ ಕೀ ಇಸಿದುಕೊಳ್ಳುತ್ತಿದ್ದಳು. ಶೆಡ್ಡು ತುಂಬ ಹೊಗೆ, ಜೀಪು ಅಲ್ಲೇ ನಡುಗುತ್ತಿತ್ತು. ಗೇರು ಹಾಕದೆ ಸ್ಟೇರಿಂಗ್ ಹಿಡಿದು ಕೂತಿರುತ್ತಿದ್ದೆ. ಯಳಂದೂರಿನಲ್ಲಿರುವ ನನ್ನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಬಂದಾಗಲೆಲ್ಲ ಅದನ್ನೇ ಆಡಿಕೊಳ್ಳುತ್ತಿದ್ದ.

"ಬಾವ, ಇವತ್ತು ಎಲ್ಲೀಗಂಟ ಓಗಿದ್ರಿ? ಹೂಗ್ಯಂಗಾ?"

"ಮುಚ್ಚಲೇ ಬಾಯಿ."

"ಮಾರ್ಬುಡಿ ಅತ್ಲಾಗೆ. ತುಕ್ಕಿಡಿಸ್ಕಂಡು ಏನ್ ಮಾಡೀರಿ?"

"ಮಾರಲ್ಲ. ಮಿಷನ್ ಬತ್ತದೆ, ನೋಡ್ತಿರು."

ಅದೇ ನನ್ನ ಹುಚ್ಚು. ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದೆ. ಯಾವುದೋ ದೂರದ ದೇಶದ ಊರು, ಬೀದಿ ತುಂಬ ಕಾರು. ಒಂದು ಬಿಳಿ ಕಾರು ಬಂದು ಫುಟ್‌ಪಾತಿನ ಪಕ್ಕ ನಿಲ್ಲುತ್ತದೆ. ಡ್ರೈವರನ ಸೀಟು ಖಾಲಿ. ಕಣ್ಣು ಕಾಣದ ಒಬ್ಬಾಕೆ ಕೋಲು ತಡವುತ್ತ ಬಂದು ಹಿಂದೆ ಕೂರುತ್ತಾಳೆ. ಸ್ಟೇರಿಂಗು ತಾನೇ ತಿರುಗುತ್ತದೆ, ಕಾರು ಹೊರಡುತ್ತದೆ, ಕೆಂಪು ದೀಪಕ್ಕೆ ನಿಲ್ಲುತ್ತದೆ, ಅವಳ ಮನೆ ಮುಂದೆ ಇಳಿಸುತ್ತದೆ. ಅವಳು ಯಾರ ಕೈಯನ್ನೂ ಹಿಡಿಯಲಿಲ್ಲ. ನಾನು ಅದನ್ನು ಎಷ್ಟು ಸಲ ನೋಡಿದೆನೋ. ನೋಡಿದಾಗಲೆಲ್ಲ ಅಳು ಬರುತ್ತಿತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅಲ್ಲಿಂದ ಶುರುವಾಯಿತು. ಕಾರಿನ ತಲೆಯ ಮೇಲೆ ಗಿರಗಿರ ತಿರುಗುವ ಡಬ್ಬ ಯಾಕೆ, ಬೆಳಕು ಚೆಲ್ಲಿ ದೂರ ಅಳೆಯುವುದು ಹೇಗೆ, ಬರೀ ಕ್ಯಾಮೆರಾ ಸಾಕು ಅನ್ನುವವರ ವಾದವೇನು, ಚೀನಾದಲ್ಲಿ ಎಲ್ಲಿಗೆ ಬಂತು, ಅಮೆರಿಕದಲ್ಲಿ ಎಲ್ಲಿ ನಿಂತಿತು, ಎಲ್ಲ ನನಗೆ ಗೊತ್ತು. ಆಟೊ ಸ್ಟ್ಯಾಂಡಿನಲ್ಲಿ ಹೋಗಿ ಬಡಬಡಿಸಿದರೆ ಹಳೆಯ ಗೆಳೆಯರು ಉರಿದು ಬೀಳುತ್ತಿದ್ದರು. "ನಮ್ ಒಟ್ಟೆ ಮೇಲೆ ಒಡೆಯೋ ಮಿಷನ್ ಯಾವಾಗ ಬಂದದು ಅಂತ ಬಾಯ್ ಬುಟ್ಕಂಡು ಕುಂತವ್ನಲ್ಲ ಇವ್ನು!" ಅವರು ಹೇಳುವುದರಲ್ಲೂ ಸುಳ್ಳಿಲ್ಲ. ಅವರ ಮಕ್ಕಳ ಅನ್ನ ಆ ಸ್ಟೇರಿಂಗಿನಲ್ಲೇ ಇದೆ. ಆದರೆ ನನ್ನ ಸೀಟು ಆಗಲೇ ಖಾಲಿಯಾಗಿತ್ತಲ್ಲ. ಅದರಲ್ಲಿ ನಾನು ಕೂರಬಾರದು ಅಂದರೆ ಮಿಷನ್ನಾದರೂ ಕೂರಲಿ ಎಂದು ನನಗೆ ಹೊಟ್ಟೆಕಿಚ್ಚಿನ ಆಸೆ. ಹಾಗೆ ಹೇಳಿದ ದಿನ ಅಲ್ಲಿ ಯಾರೂ ನನಗೆ ಟೀ ಹೇಳಲಿಲ್ಲ.

ತಪಾಸಣೆಗೆಂದು ಒಮ್ಮೆ ಬೆಂಗಳೂರಿಗೆ ಹೋಗಿದ್ದಾಗ ಹೊಸ ಹಳದಿ ಮಾರ್ಗದ ಮೆಟ್ರೊ ನೋಡಲೇಬೇಕೆಂದು ಹಟ ಹಿಡಿದೆ. ಆ ರೈಲು ಚಾಲಕನಿಲ್ಲದೆಯೂ ಓಡಬಲ್ಲದು ಎಂದು ಓದಿದ್ದೆ. ಕೆಳಗೆ ರಸ್ತೆಯಲ್ಲಿ ಬಸ್ಸು, ಲಾರಿ, ಸ್ಕೂಟರು ಒಂದರ ಬಾಲ ಒಂದು ಕಚ್ಚಿಕೊಂಡು ನಿಂತಿದ್ದವು. ಮೇಲೆ ರೈಲು ಸುಮ್ಮನೆ ಜಾರಿ ಬಂತು. ಮೊದಲ ಬೋಗಿಗೆ ಓಡಿದೆ, ಹೆಂಡತಿ ಏದುಸಿರು ಬಿಡುತ್ತ ಹಿಂದೆ ಬಂದಳು. ನೋಡಿದರೆ ಅಲ್ಲೂ ಒಬ್ಬ ಆಸಾಮಿ ಕೂತಿದ್ದಾನೆ! ನನಗೆ ರೇಗಿಹೋಯಿತು.

"ಅವ್ನೇನ್ ಮಾಡ್ತಾವ್ನೆ?" ಹೆಂಡತಿ ಕೇಳಿದಳು.

"ನೋಡ್ಕಂಡವ್ನೆ."

"ಏನ?"

"ಮಿಷನ್ನ."

"ನಾನ್ ನಿನ್ನ ನೋಡ್ಕಂಡಂಗೆ ಅನ್ನು," ಎಂದು ಅವಳು ಖಾಲಿ ಸೀಟು ಹಿಡಿದು ಕೂತಳು. ಆ ಮಾತು ನನಗೆ ಆಗ ನಾಟಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ. ರೈಲಿಗೆ ಬಂತು, ದೊಡ್ಡ ಊರಿನ ಟ್ಯಾಕ್ಸಿಗೆ ಬಂತು, ಇನ್ನು ನಮ್ಮ ಹೂಗ್ಯಂ ಜೀಪಿಗೆ ಬರಲು ಎಷ್ಟು ಹೊತ್ತು?

ಅಷ್ಟರಲ್ಲಿ ಬಾಮೈದ ಹೊಸ ಕಾರು ತೆಗೆದ. ತೆಂಗಿನಕಾಯಿ ವ್ಯಾಪಾರ ಅವನಿಗೆ ಕೈ ಹತ್ತಿತ್ತು. ಆ ಕಾರು ರಸ್ತೆಯ ಬಿಳಿ ಗೆರೆ ನೋಡಿಕೊಂಡು ತಾನೇ ಸ್ಟೇರಿಂಗ್ ತಿರುಗಿಸುತ್ತದೆ, ಮುಂದೆ ಗಾಡಿ ಬಂದರೆ ತಾನೇ ಬ್ರೇಕ್ ಹಾಕುತ್ತದೆ ಅಂದ. ನಾನು ರಾತ್ರಿಯೆಲ್ಲ ಮಗ್ಗುಲು ಬದಲಿಸಿದೆ. ಮಾರನೆಯ ದಿನ ಅವನು ಯಳಂದೂರಿನಿಂದ ಬಂದು ನಮ್ಮಿಬ್ಬರನ್ನು ಹತ್ತಿಸಿಕೊಂಡ. ಕಾರನ್ನು ಮಾದಪ್ಪನ ಬೆಟ್ಟಕ್ಕೆ ತೋರಿಸಿಕೊಂಡು ಬರುವುದು ಅವನ ಹರಕೆ. ನಾನು ಮುಂದಿನ ಸೀಟು, ಹೆಂಡತಿ ಹಿಂದೆ. ನಾನು ಅವನ ಮುಂದೆ ಗತ್ತು ಬಿಡದೆ ಕೂತಿದ್ದೆ, ಕಣ್ಣು ಮಾತ್ರ ಸ್ಟೇರಿಂಗಿನ ಮೇಲೇ ಇತ್ತು.

ಕೊಳ್ಳೇಗಾಲದ ಪೇಟೆ ದಾಟುವಷ್ಟರಲ್ಲಿ ಕಾರು ಬಾಯಿ ಬಡಿದುಕೊಂಡು ಸುಸ್ತಾಗಿತ್ತು. ಹಸು ಬಂದರೆ ಕೀಂ, ಸ್ಕೂಟರು ಬಂದರೆ ಕೀಂ, ಎಳನೀರಿನ ಗಾಡಿ ಬಂದರೆ ಕೀಂ ಕೀಂ. "ಒಳ್ಳೆ ನಮ್ಮತ್ತೆ ಸಹವಾಸ ಆಯ್ತಲ್ಲಲೇ," ಅಂದೆ. "ಅವ್ವನ್ ಸುದ್ದಿ ಬೇಡ," ಎಂದು ಹೆಂಡತಿ ಹಿಂದಿನಿಂದ ತಿವಿದಳು. ಊರು ದಾಟಿ, ಹೊಸದಾಗಿ ಬಿಳಿ ಗೆರೆ ಎಳೆದ ರಸ್ತೆಗೆ ಬಂದ ಮೇಲೆ ಬಾಮೈದ ಒಂದು ಗುಂಡಿ ಒತ್ತಿದ. ಮುಂದಿನ ಪರದೆಯಲ್ಲಿ ಪುಟ್ಟ ಸ್ಟೇರಿಂಗಿನ ಚಿತ್ರ ಹಸಿರಾಯಿತು. ಅವನು ಕೈ ಸಡಿಲಿಸಿದ. ಸ್ಟೇರಿಂಗು ತಾನೇ ಮೆಲ್ಲಗೆ ಅತ್ತಿತ್ತ ಅಲುಗಾಡತೊಡಗಿತು.

ನಾನು ಮುಂದಕ್ಕೆ ಬಗ್ಗಿ ಕೂತೆ. ಫೋನಿನೊಳಗೆ ನೋಡಿದ್ದು ಈಗ ಕಣ್ಣೆದುರಿಗೇ ನಡೆಯುತ್ತಿತ್ತು, ಅದೂ ಹನೂರಿನ ರಸ್ತೆಯಲ್ಲಿ! ಕೈ ಬಿಟ್ಟು ಸ್ವಲ್ಪ ಹೊತ್ತಾದರೆ ಅದು ಸ್ಟೇರಿಂಗ್ ಹಿಡಿ ಎಂದು ಬೈಯುತ್ತಿತ್ತು, ಅವನು ಒಂದು ಬೆರಳು ಮುಟ್ಟಿಸಿ ಸುಮ್ಮನಾಗಿಸುತ್ತಿದ್ದ. "ಇವತ್ತು ಬೈತದೆ, ನಾಳೆ ಬೈಯಲ್ಲ," ಅಂದೆ. ಸುಖವಾಗಿತ್ತು. ಬಹಳ ಕಾಲದ ಮೇಲೆ ನನ್ನ ಬಲಗಾಲು ಸುಮ್ಮನಿತ್ತು.

"ಬಾವ, ಇದ್ರಲ್ಲಿ ನಂಗೆ ಭಾಳ ಇಷ್ಟ ಆಗಿದ್ದು ಏನ್ ಗೊತ್ತಾ?" ಬಾಮೈದ ಅಂದ. "ತಡೀರಿ, ಗುಡಿ ಬರ್ಲಿ, ತೋರಿಸ್ತೀನಿ."

ಗುಡಿ ಅಂದರೆ ಹನೂರು ದಾಟಿ ಕೌದಳ್ಳಿ ಸಿಗುವ ಮೊದಲು, ರಸ್ತೆ ಬಲಕ್ಕೆ ತಿರುಗುವಲ್ಲಿ ಇರುವ ಮಾದಪ್ಪನ ಪುಟ್ಟ ಗುಡಿ. ಅದರ ಮುಂದೆ ಹಾದುಹೋಗುವಾಗ ಕೈ ಮುಗಿಯದ ಡ್ರೈವರು ಈ ಸೀಮೆಯಲ್ಲಿಲ್ಲ. ಬಸ್ಸಿನವನೂ ಮುಗಿಯುತ್ತಾನೆ, ಕಲ್ಲಿನ ಲಾರಿಯವನೂ ಮುಗಿಯುತ್ತಾನೆ. ಒಂದು ಕೈ ಸ್ಟೇರಿಂಗಿನಲ್ಲೇ ಇರುತ್ತದೆ, ಇನ್ನೊಂದು ಎದೆಗೆ, ತುಟಿಗೆ ಹೋಗಿ ಬರುತ್ತದೆ. ನಾನೂ ಜೀಪಿನಲ್ಲಿ ಹಾಗೇ ಮಾಡುತ್ತಿದ್ದೆ. ಒಂದೇ ಕೈಯಲ್ಲಿ ಮುಗಿದರೆ ಅರ್ಧ ನಮಸ್ಕಾರವಾಯಿತಲ್ಲ ಎಂಬ ಕೊರಗು ನಮಗೆಲ್ಲ ಇತ್ತು. ಅದನ್ನು ಆಡಿಕೊಂಡು ನಗುವುದೂ ಇತ್ತು.

"ಈಗ ನೋಡಿ ಬಾವ, ಎಲ್ಡೂ ಕೈ!" ಅಂದ ಬಾಮೈದ. ಎರಡೂ ಕೈ ಬಿಟ್ಟು ಎದೆಯ ಮುಂದೆ ಜೋಡಿಸಿದ. ಅಷ್ಟಕ್ಕೇ ನಿಲ್ಲದೆ ಕಣ್ಣೂ ಮುಚ್ಚಿದ. "ಉಘೇ ಮಾದಪ್ಪಾ," ಎಂದು ಉದ್ದಕ್ಕೆ ಎಳೆದ.

ಅದು ಹುರುಳಿಯ ಕಾಲ. ನಮ್ಮಲ್ಲಿ ಕಿತ್ತ ಹುರುಳಿ ಗಿಡವನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಹಾದುಹೋಗುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡುತ್ತದೆ. ಹಾಗೆ ಮಾಡಬಾರದೆಂದು ಪೊಲೀಸರು ಹೇಳುತ್ತಾರೆ, ಜನ ಹೂಂ ಎಂದು ಮತ್ತೆ ಹರಡುತ್ತಾರೆ. ಆ ತಿರುವಿನಲ್ಲೂ ಗುಡಿಯ ಪಕ್ಕ ದಟ್ಟವಾಗಿ ಹರಡಿದ್ದರು. ಬಿಳಿ ಗೆರೆ ಅದರೊಳಗೆ ಹೂತುಹೋಗಿತ್ತು. ಎಡ ಅಂಚಿನಲ್ಲಿ ಒಬ್ಬ ಮುದುಕಿ ಬಗ್ಗಿ ಪೊರಕೆಯಿಂದ ಕಾಳು ಗುಡಿಸುತ್ತಿದ್ದಳು, ಬೆನ್ನು ನಮ್ಮ ಕಡೆಗಿತ್ತು.

ನಾನು ಪರದೆ ನೋಡುತ್ತಿದ್ದೆ. ಹಸಿರು ಚಿತ್ರ ಬೂದಿಬಣ್ಣವಾಯಿತು. ಕೀಂ ಅನ್ನಲಿಲ್ಲ, ಏನೂ ಅನ್ನಲಿಲ್ಲ. ಹಸುವಿಗೆ, ಎಳನೀರಿಗೆ ಬಾಯಿ ಬಡಿದುಕೊಂಡ ಕಾರು ಇಲ್ಲಿ ಮಾತೇ ಆಡಲಿಲ್ಲ. ಸ್ಟೇರಿಂಗಿನ ಅಲುಗಾಟ ನಿಂತಿತು. ರಸ್ತೆ ಬಲಕ್ಕೆ ತಿರುಗಿತು, ನಾವು ನೆಟ್ಟಗೆ ಹೋದೆವು. ಎದುರಿಗೆ ಮುದುಕಿಯ ಬಗ್ಗಿದ ಬೆನ್ನು.

ನನ್ನ ಕೈ ಹೇಗೆ ಹೋಯಿತೋ. ಪಕ್ಕದಿಂದ ಸ್ಟೇರಿಂಗ್ ಹಿಡಿದು ಬಲಕ್ಕೆ ಎಳೆದೆ, ಜೊತೆಗೆ "ಬ್ರೇಕ್ ಹಾಕ್ಲೇ!" ಎಂದು ಕಿರುಚಿದೆ. ಬಾಮೈದ ಕಣ್ಣು ಬಿಟ್ಟು ಬ್ರೇಕು ತುಳಿದ. ಹುರುಳಿಯ ಮೇಲೆ ಚಕ್ರ ಸರ್ರನೆ ಜಾರಿತು. ಕಾರು ಅಡ್ಡಡ್ಡವಾಗಿ ತಿರುಗಿ ನಿಂತಿತು. ಮುದುಕಿಯ ಪೊರಕೆ ಮುಂದಿನ ಚಕ್ರದ ಕೆಳಗಿತ್ತು, ಅವಳು ಅದರ ಹಿಡಿಯ ಪಕ್ಕದಲ್ಲಿ ಕುಕ್ಕರಿಸಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ನನ್ನ ಹೆಂಡತಿಯ ಎರಡೂ ಕೈ ಹಿಂದಿನಿಂದ ನನ್ನ ಹೆಗಲನ್ನು ಕಚ್ಚಿ ಹಿಡಿದಿದ್ದವು.

ಮುದುಕಿ ಎದ್ದಳು. ಸೊಂಟಕ್ಕೆ ಕೈ ಇಟ್ಟಳು. ಕಿಟಕಿಗೆ ಬಂದಳು.

"ಕಣ್ಣ ಎಲ್ಲಿ ಮಡಗಿದ್ದೀಯಲಾ?"

"ತಪ್ಪಾಯ್ತು ಕಣವ್ವ," ಅಂದ ಬಾಮೈದ. "ಮಾದಪ್ಪಂಗೆ ಕೈ ಮುಗೀತಿದ್ದೆ."

"ಎಲ್ಡೂ ಕೈ ಬುಟ್ಟು ಬಾ ಅಂತ ಅವ್ನು ನಿಂಗೆ ಏಳಿದ್ನಾ? ಅಷ್ಟು ಭಕ್ತಿ ಇದ್ರೆ ಇಳ್ದು ಮುಗೀಬೇಕು. ಕುಂತ್ಕಂಡು ಮುಗಿಯೋನ್ಗೆ ಒಂದ್ ಕೈ ಸಾಕು ಕಣ!"

ಇನ್ನೂ ಏನೇನೋ ಬೈದಳು, ನಮ್ಮ ಮನೆತನವನ್ನೆಲ್ಲ ಎಳೆದಳು. ನಾವು ತಲೆ ತಗ್ಗಿಸಿ ಕೇಳಿದೆವು. ಬೈದು ಮುಗಿದ ಮೇಲೆ ಪೊರಕೆ ಎಳೆದುಕೊಂಡು ರಸ್ತೆ ನೋಡಿದಳು. "ಬಂದೋರು ಬಂದ್ರಿ. ಆ ಮೂಲೇಲಿ ಉಳ್ಳಿ ಇನ್ನೂ ಕಾಳು ಬುಟ್ಟಿಲ್ಲ. ಇಂದಕ್ಕೆ ಓಗಿ, ಒಂದ್ಸಲ ಅದ್ರ ಮೇಲೆ ಬನ್ನಿ," ಅಂದಳು. ಬಾಮೈದ ಕಾರನ್ನು ಹಿಂದಕ್ಕೆ ತೆಗೆದು, ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಹಿಡಿದು, ಅವಳು ತೋರಿಸಿದ ಮೂಲೆಯ ಹುರುಳಿಯ ಮೇಲೆ ಮೆಲ್ಲಗೆ ಹಾಯಿಸಿದ. ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಬೆಟ್ಟಕ್ಕೆ ಹೋಗಿ ಬಂದೆವು. ದಾರಿಯುದ್ದಕ್ಕೂ ಬಾಮೈದ, "ಬಾವ ಇಲ್ದಿದ್ರೆ ಇವತ್ತು ಏನ್ ಗತಿ ಅಕ್ಕಾ," ಎಂದು ಹೊಗಳುತ್ತಿದ್ದ. ನನ್ನ ಕಿವಿಗೆ ಅದು ಬೀಳುತ್ತಿರಲಿಲ್ಲ. ಸ್ಟೇರಿಂಗ್ ಹಿಡಿದ ಆ ಒಂದು ಗಳಿಗೆ ನನ್ನ ಕೈಯಲ್ಲೇ ಇತ್ತು. ಎಷ್ಟು ಕಾಲವಾಗಿತ್ತು, ಓಡುವ ಗಾಡಿಯ ಭಾರ ಅಂಗೈಗೆ ತಾಕಿ! ಆದರೂ ಖುಷಿಯಾಗಲಿಲ್ಲ. ಯಾಕೆಂದರೆ ನಾನು ಆ ಬೂದಿಬಣ್ಣವನ್ನು ಗುರುತು ಹಿಡಿದಿದ್ದೆ. ಕಣ್ಣು ತೆರೆದೇ ಇತ್ತು, ಚಕ್ರ ತಿರುಗುತ್ತಲೇ ಇತ್ತು, ಕಾರು ಮಾತ್ರ ಅಲ್ಲಿರಲಿಲ್ಲ. ಹೋದದ್ದು ಅದಕ್ಕೇ ತಿಳಿಯಲಿಲ್ಲ. ತಟ್ಟೆಯ ಮುಂದೆ ನನಗೆ ಆಗುವುದೂ ಅದೇ. ಮಿಷನ್ನಿಗೂ ನನ್ನ ಕಾಯಿಲೆ ಇದೆ! ಅದು ಹೋದಾಗ ಎಚ್ಚರವಿರುವವನೊಬ್ಬ ಪಕ್ಕದಲ್ಲಿ ಬೇಕು. ಅವತ್ತು ಆ ಎಚ್ಚರದವನು ನಾನಾಗಿದ್ದೆ, ಸರಿ. ಆದರೆ ಅದು ಹೋಗುವ ಗಳಿಗೆ, ನಾನು ಹೋಗುವ ಗಳಿಗೆ ಒಂದೇ ಆದರೆ? ಮುದುಕಿಯ ಬೆನ್ನು ಕಣ್ಣ ಮುಂದಿನಿಂದ ಹೋಗಲೇ ಇಲ್ಲ.

ದೊಡ್ಡ ಊರುಗಳಿಗೆ ಅದು ಬರುತ್ತದೆ, ಬರಲಿ. ಗೆರೆ ಎಳೆದ ಬೀದಿ, ದೀಪ ಹಾಕಿದ ಕೂಡುರಸ್ತೆ, ತಿಂಗಳು ತಿಂಗಳು ತಿದ್ದುವ ನಕ್ಷೆ ಇರುವ ಕಡೆ ಆ ಕಣ್ಣು ಕಾಣದ ಹೆಂಗಸು ಒಬ್ಬಳೇ ಮನೆಗೆ ಹೋಗಲಿ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಹುರುಳಿ, ಆನೆ, ಮಾದಪ್ಪ, ಬೈಯುವ ಮುದುಕಿ ಎಲ್ಲ ಇರುವ ರಸ್ತೆಯನ್ನು ಅದು ಕಲಿಯುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ. ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಗೂ ಶೆಡ್ಡಿಗೂ ಓಡಾಡಿದೆ. ಬೆಳಗ್ಗೆ ಎಂಜಿನ್ ಚಾಲೂ ಮಾಡುವುದನ್ನು ಬಿಟ್ಟೆ. ಒಂದು ದಿನ ಊಟಕ್ಕೆ ಕೂತಾಗ, "ಕೌದಳ್ಳೀಲಿ ಒಬ್ರು ಜೀಪು ಕೇಳ್ತಾವ್ರಂತೆ. ಕೊಟ್ಬುಡದಾ," ಅಂದೆ.

ಹೆಂಡತಿ ಸಾರಿನ ಸೌಟು ಕೆಳಗಿಟ್ಟಳು.

"ಅದು ನಿಂದೊಬ್ಬಂದಾ?"

"ಮತ್ತೆ? ನಿಂಗೇನ್ ಮಾಡೋಕ್ ಬೇಕು?"

"ಓಡ್ಸಕೆ."

ನಾನು ನಕ್ಕೆ. ಅವಳು ನಗಲಿಲ್ಲ. ಆಗ ನನಗೆ ಸಿಟ್ಟು ಬಂತು. ಆ ಜೀಪಿನ ಗೇರು ಎಷ್ಟು ಬಿಗಿ, ಈ ವಯಸ್ಸಿನಲ್ಲಿ ನಿನಗೇನು ಗ್ರಹಚಾರ, ಊರು ನಗುತ್ತದೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಅವಳು ಕೇಳಿ ಮುಗಿಸಿದಳು.

"ಇಗಾ ಇಲ್ಲಿ ಕೇಳು," ಅಂದಳು. "ನಿನ್ನ ನೋಡ್ಕಂಡೂ ನೋಡ್ಕಂಡೂ ನಾನು ರಸ್ತೆನೇ ನೋಡಿಲ್ಲ. ಬಸ್ಸಲ್ಲಿ ನಿನ್ ಅಂಗಿ ಇಡ್ಕಂಡು ಕುಂತಿರ್ತೀನಿ. ಕಿಟಕೀಲಿ ಏನ್ ಓಯ್ತು, ಏನ್ ಬಂತು, ನಂಗೊತ್ತಿಲ್ಲ. ನೀನು ಮಿಷನ್ ಬತ್ತದೆ ಅಂತ ಕಾಯ್ತಾ ಇದ್ದೆ. ನಾನು ಎಷ್ಟು ದಿನ ಕಾಯ್ಲಿ? ನಂಗೂ ಸಾಕಾಗದೆ ಕಣ." ಅವಳಿಗೂ ಸಾಕಾಗಬಹುದು ಎಂಬುದು ನನ್ನ ತಲೆಗೆ ಯಾವತ್ತೂ ಹೊಳೆದಿರಲಿಲ್ಲ. ಜೀಪು ಮಾರುವ ಮಾತನ್ನು ಅಲ್ಲಿಗೇ ಬಿಟ್ಟೆ.

ಕೊಳ್ಳೇಗಾಲದ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಕಾಲೇಜಿನ ಹುಡುಗಿಯರ ನಡುವೆ ನರೆಗೂದಲಿನ ಇವಳೊಬ್ಬಳು. ಅಲ್ಲಿ ಹೇಳಿಕೊಡುವವನು ತಪ್ಪು ತಪ್ಪು ಹೇಳಿಕೊಡುತ್ತಾನೆಂದು ನನಗೆ ಸಂಕಟ. ದೂರದಲ್ಲಿ ನಿಂತು ನೋಡುತ್ತಿದ್ದೆ, ಸಂಜೆ ಮನೆಯಲ್ಲಿ ತಕರಾರು ತೆಗೆಯುತ್ತಿದ್ದೆ. ಮೂಲೆಯಲ್ಲಿ ಗೇರು ಇಳಿಸಲಿಲ್ಲವಲ್ಲ, ಕನ್ನಡಿ ನೋಡಲಿಲ್ಲವಲ್ಲ. ಮೊದಮೊದಲು ಗಾಡಿ ನಾಲ್ಕು ಹೆಜ್ಜೆಗೊಮ್ಮೆ ಕೆಮ್ಮಿ ನಿಲ್ಲುತ್ತಿತ್ತು. ಆಮೇಲೆ ಅವಳ ಕಾಲಿಗೆ ಕ್ಲಚ್ಚು ಒಗ್ಗಿತು. ದಿನವಿಡೀ ಹೊಲಿಗೆ ಮಿಷನ್ ತುಳಿದ ಕಾಲಲ್ಲವೇ. ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದಳು, ಮುಖ ಊದಿಸಿಕೊಂಡು ಬಂದಳು, ಅವತ್ತು ಮಾತ್ರ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಎರಡನೆಯ ಸಲ ಪಾಸಾದಳು. ಬಾಮೈದ ಸಿಹಿ ತಂದ. "ಬಾವ, ನಿಮ್ ಮಿಷನ್ ಬಂತಲ್ಲ," ಎಂದು ಕಣ್ಣು ಹೊಡೆದ. ಅಕ್ಕನೇ ಅವನ ತಲೆಗೆ ಮೊಟಕಿದಳು.

ಜೀಪಿಗೆ ಹೊಸ ಬ್ಯಾಟರಿ ಹಾಕಿಸಿದೆವು. ಹೊರಟದ್ದು ಒಂದು ಬೆಳಗ್ಗೆ, ಕೌದಳ್ಳಿಯವರೆಗೆ, ನಾವಿಬ್ಬರೇ. ಶೆಡ್ಡಿನ ಮುಂದೆ ನಿಂತು ಅವಳು ಸೆರಗಿನ ಗಂಟು ಬಿಚ್ಚಿ ಕೀ ತೆಗೆದಳು. ಅಭ್ಯಾಸ ಬಲದಿಂದ ನನ್ನ ಕಡೆ ಚಾಚಿದಳು, ನಾನೂ ಅಭ್ಯಾಸ ಬಲದಿಂದ ಇಸಿದುಕೊಂಡೆ. ಆಮೇಲೆ ಇಬ್ಬರಿಗೂ ನೆನಪಾಯಿತು. ನಾನು ಅದನ್ನು ಅವಳ ಅಂಗೈಯಲ್ಲಿಟ್ಟು, ಬೆರಳು ಮಡಚಿದೆ. ಹೋಗಿ ಎಡಗಡೆಯ ಸೀಟಿನಲ್ಲಿ ಕೂತೆ.

ಹನೂರಿನವರೆಗೆ ನಾನು ಅವಳ ಪ್ರಾಣ ತಿಂದೆ. ಹಾರನ್ ಮಾಡು, ಲಾರಿಗೆ ಜಾಗ ಬಿಡು, ಗೇರು ಅಳುತ್ತಿದೆ ಕೇಳಿಸುವುದಿಲ್ಲವಾ. ನನ್ನ ಬಲಗಾಲು ಬರೀ ತಗಡನ್ನು ತುಳಿದೂ ತುಳಿದೂ ನೋಯುತ್ತಿತ್ತು. ಅವಳು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. "ಇಳ್ಸ್ಬುಟ್ಟು ಓಯ್ತೀನಿ ನೋಡು," ಎಂದು ಮುಂದೆ ನೋಡಿಕೊಂಡೇ ಹೆದರಿಸಿದಳು. ಹುರುಳಿಯ ಕಾಲ ಮುಗಿದಿತ್ತು. ರಸ್ತೆ ಖಾಲಿ, ಗೆರೆ ಅಲ್ಲಲ್ಲಿ ಸವೆದಿತ್ತು. ದೂರದಲ್ಲಿ ಬೆಟ್ಟದ ಸಾಲು ಕಂಡಿತು.

"ಓ, ಇಲ್ಲಿಂದ ಬೆಟ್ಟ ಕಾಣ್ತದಾ!" ಅಂದಳು. ನನ್ನ ಜೊತೆ ಎಷ್ಟೋ ಸಲ ಬಂದಿದ್ದ ದಾರಿ ಅದು.

ಗುಡಿಯ ತಿರುವು ಬಂತು. ಅವಳು ಗೇರು ಇಳಿಸಿದಳು. ನಾನು ಅವಳ ಕೈ ನೋಡಿದೆ. ಎರಡೂ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಿದ್ದವು.

"ನಾ 'ಉಘೇ' ಅಂತೀನಿ, ಕೈ ಬುಡಕಾಗಕಿಲ್ಲ," ಅಂದಳು. "ನಂದೂ ಸೇರ್ಸಿ ನೀನೇ ಮುಗಿ."

ನಾನು ಎರಡೂ ಕೈ ಜೋಡಿಸಿದೆ. ಈ ತಿರುವಿನಲ್ಲಿ ನನಗೆ ಅದು ಮೊದಲನೆಯ ಸಲ. ಪಕ್ಕಕ್ಕೆ ನೋಡಿದೆ, ಅವಳು ನನ್ನನ್ನು ನೋಡುತ್ತಿರಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದಳು. ಈಗ ನಾನು ಇಲ್ಲಿಂದ ಹೋಗಿಬಿಟ್ಟರೂ, ಆ ತುಂಡು ಕಾಣೆಯಾದರೂ, ಜೀಪು ಬಲಕ್ಕೆ ತಿರುಗಿ ಕೌದಳ್ಳಿ ಸೇರುತ್ತದೆ. ನಾನು ಕಣ್ಣು ಮುಚ್ಚಿದೆ. ಓಡುವ ಗಾಡಿಯಲ್ಲಿ ಮುಂದಿನ ಸೀಟಿನಲ್ಲಿ ಕೂತು ನಾನು ಹಾಗೆ ಕಣ್ಣು ಮುಚ್ಚಿದವನಲ್ಲ.

"ಮುಗಿದ್ಯಾ?"

"ಊಂ."

"ನಂದು?"

"ಸೇರ್ಸೇ ಮುಗ್ದೆ ಕಣೆ," ಅಂದೆ. ಕಣ್ಣು ತೆರೆಯಲು ನನಗೆ ಅವಸರವಿರಲಿಲ್ಲ.